ಕಂಬದ ಕೆಲಸ

ಬೆಳಗಿನ ಆರೂವರೆಗೆ ಫೋನು ಒದರಿದರೆ
ಯಾರೋ ಸತ್ತಿದ್ದಾರೆಂದೇ ಅರ್ಥ.
ರಾಜಧಾನಿಯಿಂದ ಆದೇಶ: ಬಾವುಟ ಅರ್ಧಕ್ಕೆ.
ಎಂದಿನಿಂದ ಎಂದಿನವರೆಗೆ, ಎಲ್ಲ ಬರೆದಿರುತ್ತದೆ.
ಏಕೆ ಎಂಬುದಕ್ಕೆ ಒಂದೂವರೆ ಸಾಲು.

ನಾನು ವರ್ನನ್ ಪ್ರೊಹಾಸ್ಕಾ,
ಒಹಾಯೋದ ಒಂದು ಪುಟ್ಟ ಕೌಂಟಿ ಕೋರ್ಟಿನಲ್ಲಿ
ಇಪ್ಪತ್ತೆರಡು ವರ್ಷದಿಂದ ನೆಲ ಒರೆಸುವವನು,
ಬಾಯ್ಲರನ್ನು ಬೈಯುವವನು,
ನಲವತ್ತಡಿ ಕಂಬದ ಹಗ್ಗ ಹಿಡಿಯುವವನು.

ಒಂದು ನಿಯಮವಿದೆ, ಬಹಳ ಜನಕ್ಕೆ ತಿಳಿಯದು:
ನೇರ ಅರ್ಧಕ್ಕೆ ಏರಿಸುವ ಹಾಗಿಲ್ಲ.
ಮೊದಲು ತುದಿ ಮುಟ್ಟಿಸಬೇಕು,
ಅಲ್ಲಿ ಒಂದು ಉಸಿರು ನಿಲ್ಲಿಸಿ
ಆಮೇಲೆ ಇಳಿಸಬೇಕು, ನಿಧಾನ.
ಸಂಜೆ ಬಿಚ್ಚುವಾಗಲೂ ಹಾಗೇ,
ಮತ್ತೆ ತುದಿಗೆ, ಮತ್ತೆ ಕೆಳಗೆ.
ಅಳುವ ಮೊದಲು ಎದೆಯುಬ್ಬಿಸಿ ತೋರಿಸಬೇಕು.
ಈ ದೇಶದ ಜಾತಕವನ್ನು ಯಾರೋ
ಹಗ್ಗದ ನಿಯಮದಲ್ಲಿ ಬರೆದಿಟ್ಟ ಹಾಗಿದೆ.

ಮೊದಮೊದಲು ವರ್ಷಕ್ಕೆ ನಾಲ್ಕೈದು ಸಲ.
ಬಾಯ್ಲರ್ ಕೋಣೆಯ ಗೋಡೆಗೆ
ತಾರೀಖು ಬರೆದು ಪೆನ್ಸಿಲ್ ಗೀಟು ಎಳೆಯುತ್ತಿದ್ದೆ.
ಈಗ ಬಿಟ್ಟಿದ್ದೇನೆ, ಗೋಡೆ ಸಾಲದು.
ಶಾಲೆ. ಸೂಪರ್‌ಮಾರ್ಕೆಟ್ಟು. ಮತ್ತೆ ಶಾಲೆ.
ನಡುವೆ ಒಬ್ಬ ಮುದಿ ಸೆನೆಟರ್, ನಿದ್ದೆಯಲ್ಲೇ ಹೋದವನು;
ಆ ದಿನ ರಾಟೆ ಕೂಡ ಕಿರುಗುಟ್ಟಲಿಲ್ಲ.

ಅಂಗಳದ ಬೆಂಚಿನ ಮೇಲೆ ವಾದ ಶುರು.
ಟೈರಂಗಡಿಯ ಮರ್ಲ್ ಹೇಳುತ್ತಾನೆ, ಇದೆಲ್ಲ ಅವರಿಂದ.
ಲೈಬ್ರರಿಯ ಜೊನೆಟ್ ಹೇಳುತ್ತಾಳೆ, ಅಲ್ಲ, ಇವರಿಂದ.
ಆನೆ ಏರಿಗೆಳೆದರೆ ಕತ್ತೆ ನೀರಿಗೆ.
ನಡುವೆ ನೊಗ ಮುರಿದದ್ದು
ಯಾರ ಚಾನಲ್ಲಿನಲ್ಲೂ ಬರಲಿಲ್ಲ.
ನನ್ನ ಲೊರೇನ್, ಅವಳ ತಮ್ಮ
ಮೂರು ಥ್ಯಾಂಕ್ಸ್‌ಗಿವಿಂಗ್ ಆಯಿತು, ಮಾತಿಲ್ಲ.
ಕುಂಬಳಕಾಯಿ ಪೈ ಮಾತ್ರ ಅತ್ತಿತ್ತ ಓಡಾಡುತ್ತದೆ.
ಹೊಸಿಲಲ್ಲಿಟ್ಟು, ಗಂಟೆ ಒತ್ತಿ,
ಬಾಗಿಲು ತೆರೆಯುವುದರೊಳಗೆ ಕಾರು ಹೊರಟಿರುತ್ತದೆ.

ಹಗ್ಗದ ಬೆಲೆ ಏರಿದೆ. ಸುಂಕವಂತೆ.
ಕಡಲಾಚೆಯವರಿಗೆ ಹಾಕಿದ ದಂಡ
ನಮ್ಮ ಹಾರ್ಡ್‌ವೇರ್ ಅಂಗಡಿಯ ರಸೀದಿಯಲ್ಲಿ ಬಂದಿಳಿಯಿತು.
ಬಾವುಟದಂಚಿನ ಪುಟ್ಟ ಚೀಟಿ ಓದಿದ್ದೇನೆ;
ಎಲ್ಲಿ ಹೊಲಿದದ್ದೆಂದು ಬಾಯಿ ಬಿಡುವುದಿಲ್ಲ.
ಗೊತ್ತಾದರೆ ಬೆಂಚಿನವರಿಬ್ಬರೂ ಒಂದಾಗಿ
ನನ್ನ ಮೇಲೆ ಬೀಳುತ್ತಾರೆ.
ಒಂದಾಗಲಿ ಎಂದಾದರೂ
ಒಮ್ಮೊಮ್ಮೆ ಹೇಳಿಬಿಡೋಣ ಅನಿಸುತ್ತದೆ.

ರಾತ್ರಿ ಪಾಳಿಗೆ ಝರ್ಮೀನಾ ಬರುತ್ತಾಳೆ.
ಅವಳ ಗಂಡ ಕುಂದೂಜಿನಲ್ಲಿ
ನಮ್ಮ ಸೈನಿಕರಿಗೆ ನಾಲಗೆಯಾಗಿದ್ದವನು.
ಅವನ ಕಾಗದ ಈಗ ಯಾವುದೋ ಮೇಜಿನಲ್ಲಿ
ಅಂಗಾತ ಮಲಗಿದೆ.
ದಿನಾ ಕೇಳುತ್ತಾಳೆ, "ಇವತ್ತು ಯಾರಿಗೆ?"
ಹೇಳುತ್ತೇನೆ. ತಲೆಯಾಡಿಸಿ ಬಕೆಟ್ಟು ತುಂಬಿಸುತ್ತಾಳೆ.

ಒಂದು ರಾತ್ರಿ ಮಾಪು ಹಿಂಡುತ್ತ,
ಹವೆಯ ಮಾತಾಡುವ ದನಿಯಲ್ಲೇ:
"ನಮ್ಮತ್ತೆಯೂರಲ್ಲಿ ಮದುವೆಮನೆ ಮೇಲೆ
ನಿಮ್ಮ ವಿಮಾನ ತಪ್ಪಿ ಹಾಕಿತಲ್ಲ,
ಅವತ್ತು ಇಳಿಸಿದ್ದಿರಾ?"
ತಾರೀಖೂ ಹೇಳಿದಳು.

ಟಾರ್ಚು ಹಿಡಿದು ಗೋಡೆ ಹುಡುಕಿದೆ.
ಆ ವಾರ ಗೀಟಿಲ್ಲ.
ಆ ವಾರ ಬಾವುಟ ತುದಿಯಲ್ಲೇ ಇತ್ತು,
ಗಾಳಿ ಚೆನ್ನಾಗಿತ್ತೆಂದು ನೆನಪು.

ನಾನೇನು ಗವರ್ನರಲ್ಲ.
ಆದೇಶ ಬರೆಯುವ ಕೈ ಬೇರೆ, ಹಗ್ಗದ ಕೈ ಬೇರೆ.
ಆದರೆ ದಿನಾ ಸಂಜೆ ಐದಕ್ಕೆ ಇಳಿಸಲೇಬೇಕು,
ಇಳಿಯುವ ದಾರಿಯಲ್ಲಿ ಅರ್ಧ ಬಂದೇ ಬರುತ್ತದೆ.
ಈಚೆಗೆ ಅಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ.
ಬೂಟಿನ ದಾರ ಕಟ್ಟಿಕೊಳ್ಳುತ್ತೇನೆ,
ಕಟ್ಟಿದ್ದನ್ನೇ ಬಿಚ್ಚಿ ಇನ್ನೊಮ್ಮೆ.

"ಸಿಕ್ಕಿಕೊಂಡಿತೇನೋ?" ಬೆಂಚಿನಿಂದ ಮರ್ಲ್ ಕೂಗುತ್ತಾನೆ.
ರಾಟೆ ಹಳೆಯದು, ಅನ್ನುತ್ತೇನೆ.