ಹಿಮದ ಆಗರ

ಹನ್ನೊಂದೂವರೆಗೆ ಮಾಲಿನ ದೀಪ ಆರುತ್ತದೆ,
ತೂಗುಕುರ್ಚಿಗಳ ಹಗ್ಗ ನಿಲ್ಲುತ್ತದೆ, ಬಾಡಿಗೆ ಕೋಟುಗಳು
ಯಾರು ಯಾರದೋ ಬೆವರು ಹೊತ್ತು ಗೂಟಕ್ಕೆ ಮರಳುತ್ತವೆ.
ಆಮೇಲೆ ನಮ್ಮ ಪಾಳಿ. ನಾನು, ನೇಪಾಳದ ಙವಾಂಗ್,
ಛಾವಣಿಯಿಂದ ಉಸಿರುಬಿಡುವ ಹದಿನಾರು ಕೊಳವೆ.
ಹೊರಗೆ ದುಬೈ, ನಡುರಾತ್ರಿಯಲ್ಲೂ ಮೂವತ್ತೆಂಟು ಡಿಗ್ರಿ.
ಒಳಗೆ ಸೊನ್ನೆಗಿಂತ ಎರಡು ಕೆಳಗೆ.
ನಡುವೆ ಒಂದು ರಬ್ಬರಿನ ಬಾಗಿಲು.

ನಾನು ಸಾಣಿಕಟ್ಟೆಯವಳು, ಉಪ್ಪಿನಾಗರದಲ್ಲಿ ಬೆಳೆದವಳು.
ಬಿಳಿ ಗುಡ್ಡೆ ಕಂಡರೆ ನನಗೆ ಮೊದಲು ಬಾಯಾರಿಕೆ.
ಕೆಲಸಕ್ಕೆ ಸೇರಿದ ದಿನ ಯಾರೂ ನೋಡದಾಗ
ಒಂದು ಚಿಟಿಕೆ ನಾಲಗೆಗಿಟ್ಟೆ. ಸಪ್ಪೆ.
ಅಷ್ಟು ಬಿಳಿ, ಇಷ್ಟು ಸಪ್ಪೆ!

ಅವ್ವಿ ಬರಿಗಾಲಲ್ಲಿ ಬದುವಿನ ಮೇಲೆ ನಿಂತು
ಗದ್ದೆಯ ನೀರಿಗೆ ಕಣ್ಣು ಹಾಯಿಸಿ ಹೇಳುತ್ತಿದ್ದಳು:
'ಕೆನೆ ಕಟ್ಟಿದೆ, ಮುಟ್ಟಬೇಡ.'
'ನುಚ್ಚಾಗಿದೆ, ಗೋರು.'
'ಮೋಡ ಕಂಡಿತು, ಓಡು.'
ಹಿಮಕ್ಕೆ ನನ್ನಲ್ಲಿ ಬೇರೆ ಮಾತಿರಲಿಲ್ಲ, ಅಡುಗೆಮನೆಯಿಂದಲೇ ತಂದೆ.
ಕೊಳವೆಯಿಂದ ಈಗಷ್ಟೇ ಉದುರಿದ್ದು ಅರಳು ಹಿಟ್ಟು,
ಸಾವಿರ ಕಾಲು ತುಳಿದದ್ದು ರವೆ,
ಹನಿ ಸೋರುವ ಮೂರನೇ ಕಂಬದಡಿ ಗಂಜಿ,
ಮತ್ತೆ ತಂಪು ಕಚ್ಚಿದರೆ ಅದೇ ಜಾಗ ಹಪ್ಪಳ,
ಮೇಲೆ ಗಟ್ಟಿ, ಕೆಳಗೆ ಟೊಳ್ಳು.
ಙವಾಂಗ್ ತನ್ನ ಊರಿನ ಹನ್ನೊಂದು ಹೆಸರು ಹೇಳಿದ.
ನನ್ನ ನಾಲ್ಕು ಕೇಳಿ, ಹಸಿವಾಗುತ್ತದೆ ಎಂದ.

ಬುಧವಾರ ರಾತ್ರಿ ಮೌಝಾ ಬರುತ್ತಿದ್ದರು.
ಐವತ್ತಾರು ವಯಸ್ಸು, ಮೊಣಕಾಲಿಗೆ ಪಟ್ಟಿ,
ಕೈಯಲ್ಲಿ ಯಾರದೋ ಸಹಿಯ ಅನುಮತಿ ಚೀಟಿ.
ಕುರ್ಚಿ ಬೇಡ, ಜಾರುವುದು ಬೇಡ; ಹತ್ತುವುದಷ್ಟೇ.
ಬುಟ್ಟಿಯ ತಳದಂಥ ಅಗಲ ಚಪ್ಪಲಿ ಕಟ್ಟಿ,
ಕೆಲವು ರಾತ್ರಿ ಸ್ಕೀ ಹಲಗೆಯಡಿ ರೋಮದ ಪಟ್ಟಿ ಅಂಟಿಸಿ:
ಮುಂದಕ್ಕೆ ನುಣುಪು, ಹಿಂದಕ್ಕೆ ಮುನಿಸು,
ಬೆಕ್ಕಿನ ಬೆನ್ನು ಸವರಿದ ಹಾಗೆ.
ಮೇಲೆ, ಕೆಳಗೆ, ಮೇಲೆ, ತಸ್ಬೀಹಿನ ಮಣಿಯಲ್ಲಿ ಲೆಕ್ಕ.
ಏಪ್ರಿಲಿನಲ್ಲಿ ಜಾರ್ಜಿಯಾದ ಒಂದು ಕಣಿವೆ ದಾಟಬೇಕಂತೆ.
ಯಾಕೆಂದು ನಾನು ಕೇಳಲಿಲ್ಲ. ನಾನಿಲ್ಲಿಗೆ ಯಾಕೆ ಬಂದೆನೆಂದು
ಅವರೂ ಕೇಳಿರಲಿಲ್ಲ.
'ಇವತ್ತು ಹೇಗಿದೆ?' ಬಾಗಿಲಲ್ಲೇ ಪ್ರಶ್ನೆ.
'ರವೆ. ಬಲಕ್ಕೆ ಹೋಗಬೇಡಿ, ಹಪ್ಪಳ.'
'ಹಬ್ಬಲ,' ಪ ಒಗ್ಗದ ನಾಲಗೆಯಲ್ಲಿ ಒಪ್ಪಿಸುತ್ತಿದ್ದರು.

ಆಗಸ್ಟಿನ ಒಂದು ರಾತ್ರಿ ಯಂತ್ರ ಕೆಟ್ಟಿತು.
ಸೊನ್ನೆ. ಒಂದು. ಒಂದೂವರೆ.
ರವೆ ಗಂಜಿಯಾಯಿತು, ಗಂಜಿ ತಿಳಿಯಾಯಿತು.
ಮನೆಗೆ ಹೋಗಿ ಎಂದೆವು. ಮೌಝಾ ಬೂಟಿನ ದಾರ ಬಿಗಿದರು.
'ಅಲ್ಲಿನ ಬೆಟ್ಟ ಮೆಕ್ಯಾನಿಕ್ಕಿಗೆ ಕಾಯುತ್ತದೆಯೇ?'
ಮೂವರೂ ಗಂಜಿಯಲ್ಲೇ ಹತ್ತಿದೆವು,
ಹೆಜ್ಜೆಗೊಮ್ಮೆ ಪಾದಕ್ಕೆ ಎರಡು ಸೇರು ಹೊರೆ.

ಏಪ್ರಿಲ್. ಪಾಳಿ ಮುಗಿದು ಅಲ್ ಕೋಝಿನ ಬಸ್ಸಿನಲ್ಲಿ ನಾನು.
ಬೆಳಗಿನ ಗಾಜೇ ಕಾದ ಹಂಚು. ಫೋನಿಗೊಂದು ಧ್ವನಿ ಸಂದೇಶ.
ಮೊದಲು ಮಾತಿಲ್ಲ, ಹೆಜ್ಜೆ ಮಾತ್ರ,
ಕರ್, ಕರ್, ಕರ್, ಮತ್ತೊಂದು 'ಧಸ್'.
ಉಸಿರು. ಕೊನೆಗೆ:
'ಮಾದೇವಿ, ಇವತ್ತು ಹೇಗಿದೆ?'

ಆಕಾಶದಿಂದ ಬಿದ್ದ ಹಿಮ ನಾನು ಕಂಡವಳಲ್ಲ.
ಹಿಂದಿನ ಸೀಟಿನವನ ಹಾಡು ನಿಲ್ಲಿಸಿ
ಮೂರು ಸಲ ಕೇಳಿದೆ, ಫೋನನ್ನು ಕಿವಿಗೆ ಒತ್ತಿ.
ಏಳನೇ ಹೆಜ್ಜೆಯ ಸದ್ದಿನಡಿ ಇನ್ನೊಂದು ಸದ್ದಿತ್ತು,
ಆಗರದಲ್ಲಿ ಕೆನೆಯಡಿ ನೀರು ಸರಿಯುವಾಗ
ಅವ್ವಿ ಕೈಯೆತ್ತಿ ನಮ್ಮನ್ನೆಲ್ಲ ನಿಲ್ಲಿಸುತ್ತಿದ್ದ ಸದ್ದು.

'ಹಪ್ಪಳ,' ಎಂದೆ. 'ಬಿಸಿಲೇರುವ ಮೊದಲೇ ಇಳಿಯಿರಿ,
ಬಂದ ದಾರಿಯಲ್ಲೇ, ನಿಮ್ಮದೇ ಹೆಜ್ಜೆಯ ಮೇಲೆ ಹೆಜ್ಜೆ.'

ಒಂದು ಗೀಟು ಮೂಡಿತು. ಎರಡನೆಯದು ಮೂಡಲಿಲ್ಲ.
ಬಸ್ಸು ಸಿಗ್ನಲಿನಲ್ಲಿ ನಿಂತಿತ್ತು. ಖಾಲಿ ನಿವೇಶನದ ತುಂಬ ಮರಳು.
ಗಾಳಿ ಬಡಿದು ಗಟ್ಟಿಯಾದ ಪದರವೊಂದು ಅದಕ್ಕೂ ಇದೆ.
ಒಂಬತ್ತು ವರ್ಷ ನೋಡಿಯೂ
ಅದಕ್ಕೆ ನಾನು ಹೆಸರಿಟ್ಟಿರಲಿಲ್ಲ.