ಸೋಮವಾರದ ಪುಟ

ಕುತೈಸಿಯ ನೆಲಮಾಳಿಗೆಯಲ್ಲಿ ರಾತ್ರಿ ಪಾಳಿ.
ಮುಂಚಿನ ಡಿಸ್ಕುಗಳು ಗರಗರ ತಿರುಗುತ್ತಿದ್ದವು,
ಕೆಡುವ ಮುನ್ನ ಕೆಮ್ಮುತ್ತಿದ್ದವು;
ನೆಸ್ತಾನ್‌ಗೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು.
ಈ ಎಸ್‌ಎಸ್‌ಡಿಗಳು ಉಸಿರೆತ್ತುವುದಿಲ್ಲ.
ಓದಿದರೆ ಏನೂ ಇಲ್ಲ,
ಬರೆದಷ್ಟೂ ಒಳಗೊಳಗೇ ಸವೆಯುತ್ತವೆ.

ಅವುಗಳ ಮುಂದೆ ಕ್ಯಾಶ್ ಕೂತಿದೆ,
ಕೇಳಿದ್ದನ್ನೇ ಕೇಳುವವರಿಗೆ
ಒಳಗೆ ಹೋಗಿ ವಿಚಾರಿಸದೆ
ಹೊಸ್ತಿಲಲ್ಲೇ ಉತ್ತರ ಕೊಟ್ಟು ಕಳಿಸಲು.

ಸೋಮವಾರ ವಾಝಾ ಒಲೆ ಆರಿಸಿ, ಬೀಗ ಜಡಿದು
ಊರು ಬಿಟ್ಟ. ಪುಟವನ್ನೂ ತಿದ್ದಿಯೇ ಹೋದ.
ಗುರುವಾರವೂ ಅದು ಹೇಳುತ್ತಿದೆ:
'ಏಳಕ್ಕೆ ಬಿಸಿ ಶೋತಿ ರೊಟ್ಟಿ.'
ಹಿಮದಲ್ಲಿ ಮೂವರು, ಫೋನು ಹಿಡಿದು
ಇಳಿಸಿದ ಶಟರಿನ ಮುಂದೆ ನಿಂತಿದ್ದರಂತೆ.

ಅಳಿಸಲು ಒಂದು ಕೀಲಿ ಸಾಕು.
ಬೆರಳಿಟ್ಟವಳು
ಸುಮ್ಮನೆ ಇನ್ನೊಮ್ಮೆ ತೆರೆದು ನೋಡುತ್ತಾಳೆ.

ಎಷ್ಟು ಬೇಗ ಬರುತ್ತದೆ,
ಇಲ್ಲದ ರೊಟ್ಟಿ.