ಸೀಸದ ಅಂಚು

ಕೊನೆಯ ಆಟ ಮುಗಿದು, ಮಂದಿ ಎದ್ದು,
ಬಾಯ್ಲ್ ಹೈಟ್ಸಿನ ಕಡೆಯ ಬಸ್ಸೂ ಹೋದ ಮೇಲೆ
ಹೋವಿತಾ ಅತ್ತೆಗೆಂದು ಮೂರನೇ ರೀಲು ಮತ್ತೆ ಏರಿಸುತ್ತೇನೆ.
ಥಿಯೇಟರಿನ ಯಜಮಾನರಿಗೆ ಹೇಳಿಲ್ಲ.
ನಾಲ್ಕನೇ ಸಾಲು, ಸ್ಪ್ರಿಂಗು ಕಿತ್ತ ಕುರ್ಚಿ;
ಕಾಲು ಬಾತಿದೆಯೆಂದು ಚಪ್ಪಲಿ ಕಳಚಿ ಕೂರುತ್ತಾಳೆ.

ಮೆಟ್ಟಿಲು. ಎಲ್ಲಿಗೂ ಹೋಗದ ಬಿಳಿಯ ಮೆಟ್ಟಿಲು.
ಕರಿಯ ಕೆರೆಯಂಥ ನೆಲ.
ಉದ್ದ ಕೋಟಿನವನು ಕೈ ಚಾಚುತ್ತಾನೆ,
ಒಲ್ಲೆನೆಂದು ಅವಳು ಬೆನ್ನು ತಿರುಗಿಸುತ್ತಾಳೆ.
ಆ ಬೆನ್ನೇ ಒಪ್ಪಿಗೆಯೆಂದು
ಅವನೊಬ್ಬನಿಗೆ ಬಿಟ್ಟು ಊರಿಗೆಲ್ಲ ಗೊತ್ತು.

ಎಂಥ ಬಿಳಿ ಆ ಉಡುಪು, ಅಂದೆ ಒಮ್ಮೆ.
ಅತ್ತೆ ನಕ್ಕಳು, ಕೆಮ್ಮು ಬರುವಷ್ಟು.
‘ಬಿಳಿಯೇ? ಬಿಳಿ ಬಟ್ಟೆ ದೀಪಕ್ಕೆ ಕಣ್ಣು ಕುಕ್ಕುತ್ತದೆ, ಮಗಾ.
ಚಹದಲ್ಲಿ ಅದ್ದಿದೆವು, ಮೇಲೊಂದು ಚೂರು ನೀಲಿ.
ಹೊರಗೆ ತಂದರೆ ನೆಂದ ಗೋಣಿ.
ಎಲ್ಲರೂ ಬಣ್ಣ ಹಚ್ಚಿಕೊಂಡವರೇ ಅಲ್ಲಿ;
ಪರದೆಗೆ ಬಂದದ್ದು, ಬಣ್ಣ ಬಿಟ್ಟು ಉಳಿದದ್ದು.’

ಅಂಚಿನೊಳಗೆ ಸೀಸದ ಗುಂಡು, ಕಡಲೆಕಾಳಿನಷ್ಟು,
ನೂರಾ ಹನ್ನೆರಡು. ಒಂದೊಂದೂ ಕೈಹೊಲಿಗೆ.
ತಿರುಗಿದರೆ ಏಳಬೇಕು, ನಿಂತರೆ ಇಳಿಯಬೇಕು,
ಹಾರಿದ್ದು ಕಾಣಬೇಕು, ಭಾರ ಕಾಣಕೂಡದು.
ಹನ್ನೊಂದನೇ ಸಲಕ್ಕೆ ಎಳೆ ಬಿಚ್ಚಿತಂತೆ.
ಬರಿ ಕಾಲುಚೀಲದ ಗಂಡಸರು ನೆಲ ಒರೆಸಿ ಸರಿಯುವಷ್ಟರಲ್ಲಿ
ಮೊಣಕಾಲೂರಿ ಹೊಲಿದಳಂತೆ;
ಓಡಲು ಹೊತ್ತಿಲ್ಲದೆ ಮೆಟ್ಟಿಲ ಕೆಳಗೇ ನುಸುಳಿ
ಬೋರಲು ಬಿದ್ದಳಂತೆ, ಸೂಜಿ ಇನ್ನೂ ತುಟಿಯಲ್ಲಿ.

ಅದೇ ವಾರ ಮಾವನನ್ನು ರೈಲಿಗೆ ಹತ್ತಿಸಿದ್ದರು,
ನಿಮ್ಮ ದೇಶಕ್ಕೆ ಹೋಗಿ ಎಂದು.
ಅವನು ಹುಟ್ಟಿದ್ದು ಇಲ್ಲೇ, ಮೂರು ಬೀದಿ ಆಚೆ.
ಕೂಲಿ ಕಡಿದಾರೆಂದು ಅತ್ತೆ ಮರುದಿನವೇ ಕೆಲಸಕ್ಕೆ ಬಂದಳು.

‘ತಲೆಯ ಮೇಲೆ ನಾಲ್ಕು ಕಾಲು. ಟಕಟಕ, ಟಕ.
ಹಲಗೆಯ ಬಿರುಕಿನಿಂದ ಧೂಳು ಉದುರಿ ಕಣ್ಣಿಗೆ.
ಉಸಿರು ಬಿಟ್ಟರೆ ಮೈಕು ಹಿಡಿಯುತ್ತದೆ.
ಬಿಡಲಿಲ್ಲ.
ಆ ಮೂರು ನಿಮಿಷ, ನಿಜ ಹೇಳಲೇ,
ಯಾರೂ ಯಾರನ್ನೂ ಎಲ್ಲಿಗೂ ಕಳಿಸಲಿಲ್ಲ.’

ಅಗೋ, ತಿರುಗಿದಳು. ಗೋಣಿ ಅಲ್ಲ, ಚಹ ಅಲ್ಲ,
ಹುಣ್ಣಿಮೆಯೇ ಸುತ್ತು ಬಿಚ್ಚಿದಂತೆ ಅಂಚು ಎದ್ದು
ನೆಲದೊಳಗಿನ ಇನ್ನೊಬ್ಬಳ ಅಂಚನ್ನು ಮುಟ್ಟಿ
ಸದ್ದಿಲ್ಲದೆ ಇಳಿಯಿತು.
ಮೆಟ್ಟಿಲ ಕೆಳಗೆ ಬರೀ ನೆರಳು.
ನೋಡುತ್ತೇನೆ, ಪ್ರತಿ ಸಲ, ನೋಡುತ್ತೇನೆ.

‘ಎಡಗಡೆ ಇನ್ನೊಂದೆರಡು ಹೊಲಿಗೆ ಬಿಗಿಯಬೇಕಿತ್ತು’
ಎಂದಳು ಅತ್ತೆ.
ರೀಲು ಮುಗಿದು ಫಿಲ್ಮಿನ ತುದಿ ಪಟಪಟ ಬಡಿಯುವಾಗ
ಕತ್ತಲಲ್ಲಿ ಚಪ್ಪಲಿ ತಡಕುವ ಅವಳ ಬಾತ ಕಾಲು
ಬೇಕಾದ್ದಕ್ಕಿಂತ ಒಂದು ತಟ್ಟು ಹೆಚ್ಚು ತಟ್ಟಿತು.